ಕಡಲೆಪುರಿ ತಿಂದ ಟ್ರೌಟ್

ಏಪ್ರಿಲ್ ತಿಂಗಳ ಮೊದಲ ಶನಿವಾರ, ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷ. ಸ್ಥಳ, ಹಿಮಾಚಲದ ಒಂದು ಸಣ್ಣ ಹೊಳೆಯ ದಂಡೆಯಲ್ಲಿರುವ ಅತಿಥಿಗೃಹದ ಜಗಲಿ. ಹಾಜರಿದ್ದವರು: ನಾನು ಮತ್ತು ನನ್ನ ಅಣ್ಣ; ಬಸವನಗುಡಿಯ ನಮ್ಮ ಪಾರ್ಕಿನ ವಾಯುವಿಹಾರ ಸಂಘದ ಕಾರ್ಯದರ್ಶಿ, ಸಂಘದ ಒಂಬತ್ತು ಮಂದಿ ಸದಸ್ಯರು, ಬೆಂಗಳೂರಿನಿಂದ ಜೊತೆಗೆ ಕರೆತಂದಿದ್ದ ಅಡಿಗೆಯವರು ಮತ್ತು ಮೀನು ಹಿಡಿಯುವವರಿಗೆ ದಾರಿ ತೋರಿಸುವ ಆ ಊರಿನ ಗೈಡ್. ಗೈರುಹಾಜರಿ ಇಬ್ಬರು. ಒಬ್ಬರಿಗೆ ಮಂಡಿನೋವು. ಇನ್ನೊಬ್ಬರು ಬಿಸಿನೀರು ಬರುವ ತನಕ ಕೋಣೆಯಿಂದ ಹೊರಬರುವುದಿಲ್ಲವೆಂದು ಹೇಳಿ ಕಳಿಸಿದ್ದರು.

ಹೀಗೆ ಬರೆದಿಡುವುದು ನನಗೆ ರೂಢಿ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದೆ, ಕೊನೆಯ ಹನ್ನೆರಡು ವರ್ಷ ಸೂಪರ್‌ವೈಸರ್ ಆಗಿ. ಪಾಳಿ ಬದಲಾಗುವಾಗ ಎಷ್ಟು ಗಂಟೆ, ಯಾರಿದ್ದಾರೆ, ಯಾರಿಲ್ಲ ಎಂದು ಬರೆದು ಸಹಿ ಮಾಡದೆ ಕುರ್ಚಿ ಬಿಟ್ಟೇಳುವಂತಿರಲಿಲ್ಲ. ಈ ಗುಣ ಕಂಡೇ ಸಂಘದವರು ಪ್ರವಾಸದ ವೇಳಾಪಟ್ಟಿಯನ್ನು ನನಗೆ ವಹಿಸಿದ್ದು. ಐದೂಕಾಲಿಗೆ ಕಾಫಿ, ಏಳೂವರೆಗೆ ಉಪ್ಪಿಟ್ಟು, ಹನ್ನೊಂದೂವರೆಗೆ ಬೋಂಡ, ಒಂದಕ್ಕೆ ಊಟ, ನಾಲ್ಕೂವರೆಗೆ ಚುರುಮುರಿ, ಆರೂವರೆಗೆ ದೀಪ ಮತ್ತು ಭಜನೆ. ನಡುವೆ ಸಿಕ್ಕ ಸಮಯದಲ್ಲಿ ಹಿಮಾಲಯ.

ಆ ದಿನ ಆಗಬೇಕಾಗಿದ್ದ ಮುಖ್ಯ ಕೆಲಸ ಮಾತ್ರ ಬೇರೆ. ನನ್ನ ಅಣ್ಣ ಒಂದು ಟ್ರೌಟ್ ಮೀನು ಹಿಡಿಯಬೇಕಾಗಿತ್ತು. ತಿನ್ನುವುದಕ್ಕಲ್ಲ. ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ ಈರುಳ್ಳಿಗೇ ಪ್ರವೇಶವಿಲ್ಲ. ಹಿಡಿದು, ನೋಡಿ, ಬಿಡುವುದಕ್ಕೆ.

ಅಣ್ಣನಿಗೆ ಎಪ್ಪತ್ತೈದು. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವನು. ಕಂಪ್ಯೂಟರ್ ಇಲ್ಲದ ಕಾಲ. ಕಪ್ಪು ಶಾಯಿಯಲ್ಲಿ ಕೂದಲೆಳೆಯಂಥ ಗೆರೆ ಎಳೆಯುವುದೇ ಅವನ ಅನ್ನವಾಗಿತ್ತು. ಮೂವತ್ತನೆಯ ವಯಸ್ಸಿನಲ್ಲಿ ಅವನನ್ನು ಒಂದು ಅಣೆಕಟ್ಟಿನ ಕೆಲಸಕ್ಕೆಂದು ಎರಡು ವರ್ಷ ಹಿಮಾಚಲಕ್ಕೆ ಕಳಿಸಿದ್ದರು. ಅಲ್ಲಿ ಅವನ ಮೇಲಿನ ಇಂಜಿನಿಯರ್ ಭಾನುವಾರ ಬಂದರೆ ಟ್ರೌಟ್ ಹಿಡಿಯಲು ಹೋಗುವರು. ಅಣ್ಣನೂ ಜೊತೆಗೆ ಹೋಗಿ ಬಂಡೆಯ ಮೇಲೆ ಕೂರುವನು. ಒಂದು ಸಲ ಕೋಲು ಹಿಡಿದು ನೋಡಯ್ಯ ಎಂದು ಅವರು ಪ್ರತಿ ಭಾನುವಾರವೂ ಹೇಳುವರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಇವನು ಪ್ರತಿ ಭಾನುವಾರವೂ ಹೇಳುವನು. ಕಡೆಗೆ ನಿಜವಾಗಿಯೂ ಕೇಳಿದ. ಮೂವತ್ತು ವರ್ಷದ ಗಂಡಸು, ಅಣೆಕಟ್ಟಿಗೆ ನಕ್ಷೆ ಬರೆಯುವವನು, ಮೀನು ಹಿಡಿಯಲೇ ಎಂದು ಅಮ್ಮನಿಗೆ ಕಾಗದ ಬರೆದ. ಅಮ್ಮನ ಉತ್ತರ ಇನ್‌ಲ್ಯಾಂಡ್ ಲೆಟರಿನಲ್ಲಿ ಹೋಯಿತು: ‘ಮೀನು ಹಿಡಿಯುವುದು ಬೇಡ. ಉಳಿದಂತೆ ಎಲ್ಲರೂ ಕ್ಷೇಮ.’ ಅದನ್ನು ಪೋಸ್ಟ್ ಡಬ್ಬಿಗೆ ಹಾಕಿಬಂದವಳು ನಾನೇ.

ಕಳೆದ ದೀಪಾವಳಿಯ ಹೊತ್ತಿಗೆ ಅಣ್ಣನ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ನಿಲ್ಲುವಂಥದ್ದಲ್ಲ, ಇನ್ನೊಂದು ವರ್ಷಕ್ಕೆ ಲೋಟ ಹಿಡಿಯುವುದೂ ಕಷ್ಟವಾಗಬಹುದು ಎಂದರು. ಅಣ್ಣ ಹೊರಗೆ ಬಂದು, ಆಟೋ ಹತ್ತುವ ಮೊದಲು ಹೇಳಿದ:

"ಲೋಟ ಹೋದ್ರೆ ಹೋಗ್ಲಿ ಕಣೇ. ಅಷ್ಟರೊಳಗೆ ಒಂದ್ ಟ್ರೌಟ್ ಹಿಡೀಬೇಕು. ಒಂದೇ ಒಂದು. ನನ್ ಕೈಯಾರೆ."

"ಅಮ್ಮ ಬೇಡ ಅಂದಿದ್ಲು."

"ಹೇಳಿ ನಲವತ್ತೈದು ವರ್ಷ ಆಯ್ತು. ಆಜ್ಞೆಗೂ ಒಂದು ಅವಧಿ ಇರತ್ತೆ."

ಸಂಘದ ಪ್ರವಾಸ ಹಿಮಾಚಲದ ದೇವಸ್ಥಾನಗಳಿಗೆ ಎಂದು ಆಗಲೇ ಗೊತ್ತಾಗಿತ್ತು. ಅದರಲ್ಲಿ ಒಂದು ದಿನವನ್ನು ಮೀನಿಗೆ ಬಿಡಿಸಿಕೊಳ್ಳಲು ಪಾರ್ಕಿನ ಮಂಟಪದಲ್ಲಿ ವಿಶೇಷ ಸಭೆ ಕರೆಯಬೇಕಾಯಿತು. ನಾಯಿಗಳ ಕಾಟದ ಬಗ್ಗೆ ಕರೆದ ಸಭೆಗೂ ಇಷ್ಟು ಜನ ಬಂದಿರಲಿಲ್ಲ.

ಮೊದಲು ಎದ್ದು ನಿಂತವರು ಕಾರ್ಯದರ್ಶಿ. ಕೆರೆಯಿದ್ದ ಊರಿನಿಂದ ಬಂದವರು, ಈಗ ಸೈಟು ಕೊಡಿಸುವ ವ್ಯವಹಾರ. ಅವರಿಗೆ ಪಾಪಪುಣ್ಯದ ತಕರಾರಿರಲಿಲ್ಲ, ತರ್ಕದ ತಕರಾರಿತ್ತು.

"ಸಾರ್, ಬಿಡೋದಾದ್ರೆ ಹಿಡಿಯೋದ್ಯಾಕೆ?"

"ಬಿಡೋಕೇ ಹಿಡಿಯೋದು," ಎಂದ ಅಣ್ಣ.

"ಹಂಗಾದ್ರೆ ಹಿಡೀದೇ ಇದ್ಬುಟ್ರೆ ಆಯ್ತಲ್ಲ. ಬಿಟ್ಟಂಗೇ ಲೆಕ್ಕ."

ಸಭೆ ಇದನ್ನು ಮೆಚ್ಚಿತು. ಆಮೇಲೆ ಭಜನೆಯಮ್ಮ ಮಾತಾಡಿದರು. ಸಂಘದ ಭಜನೆಗೆ ಅವರೇ ಮುಂದಾಳು. ಹಾಗಾಗಿ ನಾವೆಲ್ಲ ಅವರನ್ನು ಭಜನೆಯಮ್ಮ ಎನ್ನುತ್ತೇವೆ. ಟ್ರೌಟನ್ನು ಹಿಡಿಯುವುದು ಎರೆಹುಳದಿಂದಲ್ಲ, ಕೊಕ್ಕೆಗೆ ಗರಿ ಸುತ್ತಿ ಮಾಡಿದ ನೊಣದಂಥ ಒಂದು ವಸ್ತುವಿನಿಂದ, ಅದಕ್ಕೆ ಫ್ಲೈ ಎನ್ನುತ್ತಾರೆ ಎಂದು ಅಣ್ಣ ವಿವರಿಸಿದ್ದ. ಅವರು ಹಿಡಿದುಕೊಂಡದ್ದು ಗರಿಯನ್ನು.

"ಯಾವುದರ ಗರಿ ಅದು?"

"ಕೋಳೀದು."

"ಕೋಳಿ ಗರಿ ಮುಟ್ಟಿದ ಕೈಯಲ್ಲಿ ನಮ್ ಪಂಕ್ತೀಲಿ ಕೂರ್ತೀರಾ?"

"ಗರಿ ಬೇಡ ಬಿಡಿ. ರೇಷ್ಮೆ ದಾರದಲ್ಲೇ ಕಟ್ಕೋತೀನಿ."

"ರೇಷ್ಮೆ ಆದ್ರೆ ಪರವಾಗಿಲ್ಲ. ರೇಷ್ಮೆ ಮಡಿಗೆ ಬರತ್ತೆ."

ರೇಷ್ಮೆಯೂ ಹುಳ ಬೇಯಿಸಿ ತೆಗೆದದ್ದೇ ಅಲ್ಲವೇ ಎಂದು ನಾನು ಕೇಳಿದೆ. ಸಭೆಯಲ್ಲಿ ನಾಲ್ಕು ರೇಷ್ಮೆ ಸೀರೆಗಳಿದ್ದವು. ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಲಿಲ್ಲ. ಒಂದು ದಿನ, ಒಂದು ಮೀನು, ಗರಿ ಕೂಡದು, ಹಿಡಿದರೆ ಬಿಡತಕ್ಕದ್ದು ಎಂದು ನಿರ್ಣಯವಾಯಿತು.

ಮರುದಿನ ಹತ್ತು ಗಂಟೆಗೆ ಅಣ್ಣನೂ ನಾನೂ ಕಾಟನ್‌ಪೇಟೆಯ ದಾರದ ಅಂಗಡಿಗೆ ಹೋದೆವು. ಅಂಗಡಿಯವನು ಇಪ್ಪತ್ತು ಬಣ್ಣ ಹರಡಿ ಕೇಳಿದ: "ಕುಚ್ಚು ಹಾಕ್ಸೋಕಾ ಸಾರ್?"

"ಮೀನಿಗೆ," ಎಂದ ಅಣ್ಣ.

"ಸೆರಗಲ್ಲಿ ಮೀನಾ? ಹಂಗಾದ್ರೆ ಸ್ವಲ್ಪ ಜರಿ ಸೇರಿಸ್ಕೊಳಿ, ಹೊಳೀತದೆ."

ಆ ಸಲಹೆ ಸರಿಯಾದದ್ದೇ ಎಂದು ಅಣ್ಣ ಆಮೇಲೆ ಹೇಳಿದ; ಇಂಜಿನಿಯರ್ ಸಾಹೇಬರ ಫ್ಲೈಗಳಲ್ಲೂ ಒಂದು ಎಳೆ ಹೊಳೆಯುವ ತಂತಿ ಇರುತ್ತಿತ್ತಂತೆ. ತ್ಯಾಗರಾಜನಗರದ ತನ್ನ ಮನೆಯಲ್ಲಿ, ಊಟದ ಮೇಜಿನ ಮೇಲೆ, ಅವನು ನಾಲ್ಕು ಫ್ಲೈ ಕಟ್ಟಿದ. ಒಂದೊಂದಕ್ಕೆ ಮೂರು ಸಂಜೆ ಹಿಡಿಯಿತು. ದಾರ ಕೊಕ್ಕೆಯನ್ನು ಬಿಟ್ಟು ಅವನ ಹೆಬ್ಬೆರಳನ್ನೇ ಸುತ್ತುತ್ತಿತ್ತು. ನಾನು ಕಟ್ಟಿಕೊಡುತ್ತೇನೆ ಎಂದು ಎರಡು ಸಲ ಹೇಳಿದೆ. ಬೇಡ ಎಂದು ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವುದು ನನ್ನ ಪದ್ಧತಿಯಲ್ಲ.

ಗಾಳದ ಕೋಲನ್ನು ಬೀಸುವ ಅಭ್ಯಾಸ ಮಾತ್ರ ಪಾರ್ಕಿನಲ್ಲಿ ನಡೆಯಿತು, ಬೆಳಗ್ಗೆ ಆರರಿಂದ ಆರೂವರೆ. ದಾರದ ತುದಿಗೆ ಕೊಕ್ಕೆಯ ಬದಲು ಕೆಂಪು ಉಲ್ಲನ್ನಿನ ತುಂಡು. ಹುಲ್ಲಿನ ಮೇಲೆ ಗುರಿಯಾಗಿ ಒಂದು ಸ್ಟೀಲ್ ತಟ್ಟೆ. ಮೊದಲ ದಿನವೇ ಕಾವಲುಗಾರ ಬಂದ.

"ಸಾರ್, ಇಲ್ಲಿ ಮೀನ್ ಹಿಡಿಯಂಗಿಲ್ಲ."

"ಇಲ್ಲಿ ನೀರೇ ಇಲ್ಲವಲ್ಲಪ್ಪ."

"ನೀರಿಲ್ದಿದ್ರೂ ಹಿಡಿಯಂಗಿಲ್ಲ ಸಾರ್."

ಬೋರ್ಡು ನೋಡೋಣ ಎಂದೆ. ಇಬ್ಬರೂ ಹೋಗಿ ಓದಿದೆವು. ನಾಯಿ ತರಬಾರದು, ಸೈಕಲ್ ತರಬಾರದು, ಚೆಂಡಾಟ ಆಡಬಾರದು, ಹೂ ಕೀಳಬಾರದು, ಹುಲ್ಲಿನ ಮೇಲೆ ನಡೆಯಬಾರದು. ಮೀನಿನ ಮಾತೇ ಇರಲಿಲ್ಲ. ಅಣ್ಣ ಸಿಮೆಂಟಿನ ದಾರಿಯ ಮೇಲೆ ನಿಲ್ಲತಕ್ಕದ್ದು, ದಾರ ಮಾತ್ರ ಹುಲ್ಲಿನ ಮೇಲೆ ಹೋಗತಕ್ಕದ್ದು ಎಂದು ರಾಜಿಯಾಯಿತು. ಮೂರು ವಾರದ ಕೊನೆಗೆ ಹತ್ತು ಸಲ ಬೀಸಿದರೆ ಐದು ಸಲ ತಟ್ಟೆಗೆ ಬೀಳುತ್ತಿತ್ತು. ಉಳಿದ ಐದರಲ್ಲಿ ಒಂದು ವಾಯುವಿಹಾರಿಗಳ ಮಂಕಿಕ್ಯಾಪಿಗೆ.

ಹಿಮಾಚಲದ ಆ ಶನಿವಾರಕ್ಕೆ ಬರುತ್ತೇನೆ. ಪರವಾನಗಿ ಒಂದೇ ದಿನದ್ದು. ಭಾನುವಾರ ಬೆಳಗ್ಗೆ ಆರಕ್ಕೆ ನಮ್ಮ ವ್ಯಾನು ಹೊರಡುವುದಿತ್ತು. ಗೈಡ್ ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ನಾನು ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದವಳಾದ್ದರಿಂದ ಅವನ ಮಾತುಗಳು ನನ್ನ ಮೂಲಕವೇ ಎಲ್ಲರಿಗೂ ತಲುಪುತ್ತಿದ್ದವು. ಜಗಲಿಯಲ್ಲಿ ಅವನು ಹೇಳಿದ್ದು ಇಷ್ಟು: ಒಂಬತ್ತು ಗಂಟೆಗೆ ಮಡುವಿನ ಮೇಲೆ ಬಿಸಿಲು ಬೀಳುತ್ತದೆ, ಆಗ ಮೀನು ಮೇಲಕ್ಕೆ ಬರುತ್ತದೆ. ಹನ್ನೆರಡಕ್ಕೆ ಬೆಟ್ಟದ ಹಿಮ ಕರಗಿದ ನೀರು ಬಂದು ಹೊಳೆ ಬಗ್ಗಡವಾಗುತ್ತದೆ, ಆಮೇಲೆ ಕೋಲು ಮಡಿಸಿಡುವುದೇ ಸರಿ. ಹಾಗಾಗಿ ಇರುವುದು ಮೂರು ಗಂಟೆ. ಆ ಮೂರು ಗಂಟೆ ದಂಡೆಯ ಮೇಲೆ ಮಾತು ಕೂಡದು, ಓಡಾಟ ಕೂಡದು, ನೀರಿನ ಮೇಲೆ ನೆರಳು ಬೀಳಕೂಡದು.

ಇದನ್ನು ನಾನು ಕನ್ನಡದಲ್ಲಿ ಎರಡು ಸಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ಆರೂವರೆಗೆ ಅಣ್ಣ, ಗೈಡ್, ನಾನು ಮಡುವಿಗೆ ಇಳಿದೆವು. ಹೊಳೆ ನಮ್ಮ ಗಾಂಧಿ ಬಜಾರಿನ ರಸ್ತೆಯಷ್ಟು ಅಗಲ, ಆದರೆ ಸದ್ದು ಅದರ ಎರಡರಷ್ಟು. ನೀರು ಎಷ್ಟು ತಿಳಿಯೆಂದರೆ ಆಳ ತಿಳಿಯುತ್ತಿರಲಿಲ್ಲ. ಮೊಣಕಾಲುದ್ದ ಎಂದುಕೊಂಡ ಕಡೆ ಗೈಡಿನ ಕೋಲು ಪೂರ್ತಿ ಮುಳುಗಿತು. ಅಣ್ಣ ನೈಲಾನ್ ದಾರವನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಲು ಒಂಬತ್ತು ನಿಮಿಷ ತೆಗೆದುಕೊಂಡ. ಗೈಡ್ ಕೈ ಚಾಚಿದ. ಅಣ್ಣ ಅವನಿಗೆ ಬೆನ್ನು ತಿರುಗಿಸಿ ನಿಂತು ಪೋಣಿಸಿದ. ಗೈಡ್ ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ. ಬಿಡುವ ಮೀನಿಗೆ ಗಾಯ ಕಡಿಮೆ ಎಂದ. ಆ ಮೊದಲ ಫ್ಲೈ ಎಂಟು ಗಂಟೆಗೆ ಎದುರು ದಂಡೆಯ ಪೊದೆಗೆ ಸೇರಿತು. ಎರಡನೆಯದನ್ನು ಕಟ್ಟಿಕೊಂಡು ಬಿಸಿಲಿಗೆ ಕಾದು ಕೂತೆವು.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮಡುವಿನ ಮೇಲೆ ಬಿಸಿಲು ಬಿತ್ತು. ಅದರ ಜೊತೆಗೇ ಸಂಘವೂ ಬಿತ್ತು. ಉಪ್ಪಿಟ್ಟು ಮುಗಿಸಿ, ಮಂಕಿಕ್ಯಾಪು, ಶಾಲು, ಕ್ಯಾನ್ವಾಸ್ ಶೂ ಹಾಕಿಕೊಂಡು, ಬಿಸಿನೀರು ಸಿಕ್ಕಿದವರನ್ನೂ ಸೇರಿಸಿಕೊಂಡು ಸಾಲಾಗಿ ಇಳಿದು ಬಂದರು. ಮಾತಾಡಬಾರದೆಂದು ನೆನಪಿತ್ತು, ಆದ್ದರಿಂದ ಪಿಸುಗುಟ್ಟುತ್ತಿದ್ದರು. ಹನ್ನೊಂದು ಜನ ಪಿಸುಗುಟ್ಟಿದರೆ ಅದು ಹೊಳೆಯ ಸದ್ದನ್ನು ಮೀರುತ್ತದೆಂದು ನನಗೆ ಅಂದು ಗೊತ್ತಾಯಿತು. ಹನ್ನೊಂದು ನೆರಳುಗಳು ನೀರಿನ ಮೇಲೆ ಸಾಲಾಗಿ ಮಲಗಿದವು. ಗೈಡ್ ಅಣ್ಣನ ಮುಖ ನೋಡಿದ. ಅಣ್ಣ ನನ್ನ ಮುಖ ನೋಡಿದ.

ನಾನು ಅವರನ್ನು ಹಿಂದಕ್ಕೆ ಕಳಿಸಲು ಹೊರಟೆ. ಅಷ್ಟರಲ್ಲಿ ಭಜನೆಯಮ್ಮ ಬಗ್ಗಿ ನೋಡಿ, "ಅಗೋ, ಮೀನು," ಎಂದರು. ಬಂಡೆಯ ಮರೆಯಲ್ಲಿ ಒಂದು ಕಂದು ನೆರಳು ನಿಜವಾಗಿಯೂ ಆಡುತ್ತಿತ್ತು. ನಮ್ಮ ಕಡೆಯವರು ಹೊಳೆಯಲ್ಲಿ ಮೀನು ಕಂಡರೆ ಮಾಡುವುದು ಒಂದೇ. ತೀರ್ಥಕ್ಷೇತ್ರದ ಮೆಟ್ಟಿಲ ಮೇಲೆ ನಿಂತು ಬಾಲ್ಯದಿಂದ ಮಾಡಿಕೊಂಡು ಬಂದದ್ದು, ಕೈಗೆ ಅಂಟಿಹೋಗಿದೆ. ಯೋಚನೆಗೆ ಅಲ್ಲಿ ಕೆಲಸವಿಲ್ಲ. ಸಂಜೆಯ ಚುರುಮುರಿಗೆಂದು ಗಾಂಧಿ ಬಜಾರಿನಿಂದ ತಂದಿದ್ದ ಕಡಲೆಪುರಿಯ ಚೀಲ ಅವರ ಹೆಗಲಲ್ಲೇ ಇತ್ತು. ಯಾಕೆ ಅಲ್ಲಿತ್ತು ಎಂದು ಕೇಳಿ ಪ್ರಯೋಜನವಿಲ್ಲ. ಒಂದು ಹಿಡಿ ತೆಗೆದು ಕಣ್ಣಿಗೊತ್ತಿಕೊಂಡು ಎಸೆದರು. ಉಳಿದವರೂ ಕೈ ಚಾಚಿದರು. ಒಂದು ನಿಮಿಷದಲ್ಲಿ ಮಡುವಿನ ಮೇಲೆ ಬಿಳಿಯ ಪುರಿ ಹರಡಿಕೊಂಡು, ಸುತ್ತು ಹೊಡೆದು, ನಿಧಾನವಾಗಿ ಕೆಳಕ್ಕೆ ಹೊರಟಿತು.

ಗೈಡ್ ತನ್ನ ಟೋಪಿ ತೆಗೆದ. ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದ್ದೇನೆ ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದ.

ಯಾಕೆಂದರೆ ಮೀನು ಬಂತು. ಒಂದು ಮೂತಿ ಮೇಲೆದ್ದು ಒಂದು ಪುರಿ ಒಳಗೆಳೆದುಕೊಂಡಿತು. ಆಮೇಲೆ ಇನ್ನೊಂದು. ಐದು ನಿಮಿಷಕ್ಕೆ ಮಡುವಿನಲ್ಲಿ ಎಲ್ಲಿ ನೋಡಿದರೂ ಉಂಗುರ. ಕಳೆದ ತಿಂಗಳು ಮೀನುಮರಿ ಸಾಕುವ ಕೇಂದ್ರದಲ್ಲಿ ಬೆಳೆಸಿದ ಮೀನುಗಳನ್ನು ತಂದು ಬಿಟ್ಟಿದ್ದಾರೆ, ಅಲ್ಲಿ ಅವಕ್ಕೆ ಬೆಳಗ್ಗೆ ಇಷ್ಟು ಹೊತ್ತಿಗೆ ತೇಲುವ ಕಾಳು ಹಾಕುತ್ತಿದ್ದರು ಎಂದು ಗೈಡ್ ಹೇಳಿದ. ಹೊತ್ತಿಗೆ ಸರಿಯಾ‌ಗಿ ಊಟಕ್ಕೆ ಕೂತು ಅಭ್ಯಾಸವಾದ ಮೀನುಗಳು. ನಮ್ಮ ಸಂಘದ ಸದಸ್ಯತ್ವಕ್ಕೆ ಅರ್ಹ.

"ಹಾಕಿ, ಈಗಲೇ ಹಾಕಿ," ಎಂದು ಗೈಡ್ ಅಣ್ಣನ ಮೊಣಕೈ ಹಿಡಿದ. "ಇಂಥ ಸಮಯ ಮತ್ತೆ ಬರುವುದಿಲ್ಲ."

ಅಣ್ಣ ಕೋಲು ಎತ್ತಿದ. ಭಜನೆಯಮ್ಮ ಅಡ್ಡ ಬಂದರು.

"ಏನ್ರೀ ಇದು? ಪುರಿ ಹಾಕಿ ಕರೆದಿದೀವಿ, ತಿಂತಿದಾವೆ. ಈಗ ಗಾಳ ಹಾಕ್ತೀರಾ?"

"ಬಿಡ್ತೀನಲ್ಲಮ್ಮ."

"ಊಟಕ್ಕೆ ಕರೆದು ಬಾಯಿಗೆ ಕೊಕ್ಕೆ ಹಾಕಿ ಆಮೇಲೆ ಬಿಡ್ತೀರಾ? ನಿಮ್ ಮನೇಲಿ ಹಾಗೇನು?"

ಹಿಂದಿನಿಂದ ಯಾರೋ ಇವು ದೇವರ ಮೀನು ಎಂದರು. ಒಬ್ಬರು ಕೈ ಮುಗಿದರು. ಹತ್ತು ಗಂಟೆ ಐದು ನಿಮಿಷಕ್ಕೆ, ಹೊಳೆಯ ದಂಡೆಯಲ್ಲೇ, ಪುರಿ ತಿಂದ ಮೀನಿಗೆ ಗಾಳ ಹಾಕಕೂಡದೆಂದು ಅಂಗೀಕಾರವಾಯಿತು. ನಿರ್ಣಯಕ್ಕೆ ಬೇಕಾದಷ್ಟು ಸದಸ್ಯರು ಹಾಜರಿದ್ದರೆಂದು ನಾನೇ ಒಪ್ಪಬೇಕಾಯಿತು.

ನನಗೆ ಸಿಟ್ಟು ಬಂದದ್ದು ಸಂಘದ ಮೇಲಲ್ಲ, ಅಣ್ಣನ ಮೇಲೆ. ಅವನು ಕೋಲು ಇಳಿಸಿಬಿಟ್ಟಿದ್ದ.

"ಅವರು ಹೇಳೋದು ಸರಿ ಕಣೇ," ಎಂದ. "ನಾನು ಹಾಕಲ್ಲ. ಪುರಿ ನಂಬಿಕೊಂಡು ಬಂದಿದೆ ಅದು."

ಇಷ್ಟು ಹೊತ್ತಿಗೆ ಕಾರ್ಯದರ್ಶಿ ಗೈಡನ್ನು ಪಕ್ಕಕ್ಕೆ ಕರೆದುಕೊಂಡಿದ್ದರು. ಅವರಿಗೆ ಹಿಂದಿ ಬರುವುದಿಲ್ಲ. ಗೈಡಿಗೆ ಕನ್ನಡ ಬರುವುದಿಲ್ಲ. ಆದರೆ ಮೂವತ್ತು-ನಲವತ್ತರ ಸೈಟಿಗೆ ಭಾಷೆ ಬೇಕಾಗುವುದಿಲ್ಲ. ಕಾರ್ಯದರ್ಶಿ ಹೆಜ್ಜೆ ಹಾಕಿ ಉದ್ದ ತೋರಿಸಿದರು, ಅಗಲ ತೋರಿಸಿದರು, ಹೊಳೆಯ ಕಡೆ ಮುಖ ಮಾಡಿ ಬಾಗಿಲು ತೋರಿಸಿದರು. ಗೈಡಿನ ಚಿಕ್ಕಪ್ಪನದೊಂದು ಜಾಗ ರಸ್ತೆಯ ಪಕ್ಕದಲ್ಲಿತ್ತಂತೆ. ಇವತ್ತು ಇನ್ನು ಮೀನಿನ ಕೆಲಸ ಇಲ್ಲವೆಂದುಕೊಂಡು, ಸೊಂಟದಲ್ಲಿ ನೇತುಹಾಕಿದ್ದ ಬಲೆಚೀಲ ಮತ್ತು ಇಕ್ಕಳದ ಸಮೇತ ಅವನು ಅವರ ಹಿಂದೆ ಹೋದ.

ನಾನು ಹೊಳೆಯನ್ನು ಒಮ್ಮೆ ನೋಡಿದೆ. ಪುರಿ ಕೆಳಕ್ಕೆ ಹೋಗುತ್ತಿತ್ತು.

"ಅಣ್ಣಾ, ಪುರಿ ಮೇಲಕ್ಕೆ ಹೋಗತ್ತಾ?"

"ಇಲ್ಲ."

"ಹಾಗಾದ್ರೆ ಮೇಲಿನ ಮೀನು ಪುರಿ ತಿಂದಿಲ್ಲ."

ಅವನು ತಲೆಯೆತ್ತಿ ನೋಡಿದ. ಮೇಲೆ ಮರದ ಸೇತುವೆ. ಅದರಾಚೆ ಮುನ್ನೂರು ಹೆಜ್ಜೆಗೆ ನಮ್ಮ ಪರವಾನಗಿಯ ಎಲ್ಲೆ, ಸುಣ್ಣ ಬಳಿದ ಒಂದು ಕಲ್ಲು. ಸಮಯ ಹತ್ತೂಕಾಲು. ಸಂಘ ದಂಡೆಯ ಮೇಲೆ ಇದ್ದಷ್ಟು ಹೊತ್ತು ಅಣ್ಣ ಹೋದಲ್ಲಿಗೆ ಅದೂ ಹೋಗುತ್ತದೆ, ಪುರಿಯ ಚೀಲವೂ ಹೋಗುತ್ತದೆ.

ನಾನು ಅತಿಥಿಗೃಹಕ್ಕೆ ಹತ್ತಿಹೋಗಿ ಅಡಿಗೆಯವರಿಗೆ ಹೇಳಿದೆ: "ಬೋಂಡ ಈಗ."

"ಹನ್ನೊಂದೂವರೆಗೆ ಅಂತಲ್ವಾ ಅಮ್ಮ ಬರೆದಿರೋದು? ಎಣ್ಣೆ ಇನ್ನೂ ಇಟ್ಟಿಲ್ಲ."

"ಇಡಿ. ಎರಡು ಥರದ್ದು ಮಾಡಿ. ಆಲೂಗೆಡ್ಡೆದು ಮೊದಲು, ಮೆಣಸಿನಕಾಯಿದು ಆಮೇಲೆ. ಮಧ್ಯೆ ನಿಧಾನವಾಗ್ಲಿ."

ಹತ್ತು ನಲವತ್ತಕ್ಕೆ ಜಗಲಿಯ ಮೇಲೆ ನಿಂತು ತಟ್ಟೆ ಬಡಿದೆ. ದೇವರ ಮೀನುಗಳ ಕಾವಲಿಗೆ ನಿಂತಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಮಂಡಿನೋವಿನವರು ಎಲ್ಲರಿಗಿಂತ ಮುಂದಿದ್ದರು.

ಹನ್ನೊಂದಕ್ಕೆ ಅಣ್ಣನೂ ನಾನೂ ಸೇತುವೆ ದಾಟಿದೆವು. ಅಲ್ಲಿ ಹೊಳೆ ಇನ್ನೂ ಕಿರಿದು, ಬಂಡೆಗಳ ನಡುವೆ ಸಣ್ಣ ಸಣ್ಣ ಗುಂಡಿಗಳು. ಅಣ್ಣ ಬೆನ್ನು ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಗುಂಡಿಗೆ ಬೀಸಿದ. ಮೂರು ಬೀಸಿಗೆ ಒಂದು ಸಲ ದಾರ ಸರಿಯಾಗಿ ಬೀಳುತ್ತಿತ್ತು. ಎರಡು ಸಲ ಕೈ ನಡುಗಿ ಪಕ್ಕದ ಬಂಡೆಗೆ ಹೊಡೆಯುತ್ತಿತ್ತು. ಹನ್ನೊಂದೂಕಾಲಿಗೆ ಎರಡನೆಯ ಫ್ಲೈ ಬಂಡೆಯ ಸಂದಿಯಲ್ಲಿ ಹೋಯಿತು. ಮೂರನೆಯದನ್ನು ಪೋಣಿಸಲು ಏಳು ನಿಮಿಷ. ಅದನ್ನು ಒಂದು ಮೀನು ಮುಟ್ಟಿತು, ಅಣ್ಣ ಎಳೆದ, ಜೋರು ಹೆಚ್ಚಾಗಿ ದಾರ ತುಂಡಾಯಿತು. ಹನ್ನೊಂದೂವರೆ. ಮುಂದೆ ಎರಡು ಗುಂಡಿ, ಆಮೇಲೆ ಸುಣ್ಣದ ಕಲ್ಲು.

ಕೊನೆಯ ಫ್ಲೈ, ಜರಿ ಸುತ್ತಿದ್ದು. ಅಣ್ಣ ದಾರವನ್ನು ಕೊಕ್ಕೆಯ ಕಣ್ಣಿಗೆ ಎರಡು ಸಲ ಹಿಡಿದ. ಎರಡು ಸಲವೂ ತಪ್ಪಿತು. ಆಮೇಲೆ ಎರಡನ್ನೂ ನನ್ನ ಕಡೆ ಚಾಚಿದ. ನಾನು ಪೋಣಿಸಿ, ಅವನು ಹೇಳಿದಂತೆ ಐದು ಸುತ್ತು ಸುತ್ತಿ, ಎಂಜಲು ಮಾಡದೆ ಹೊಳೆಯ ನೀರಿನಲ್ಲಿ ಒದ್ದೆ ಮಾಡಿ ಗಂಟು ಬಿಗಿದೆ. ಒಂದು ನಿಮಿಷ ಹಿಡಿಯಿತು. ಕೊಕ್ಕೆಯ ಮುಳ್ಳನ್ನು ಅವನು ಒಂದು ಕಲ್ಲಿನ ಮೇಲಿಟ್ಟು ಇನ್ನೊಂದರಿಂದ ಒತ್ತಿದ.

ಕೊನೆಯ ಗುಂಡಿಯಲ್ಲಿ ಸಿಕ್ಕಿತು. ಕೋಲು ಬಗ್ಗಿದ್ದನ್ನು ನಾನು ನೋಡಿದೆ. ಅಣ್ಣ ಎರಡೂ ಕೈಯಲ್ಲಿ ಕೋಲು ಹಿಡಿದು ಹಿಂದಕ್ಕೆ ಹೆಜ್ಜೆಯಿಟ್ಟ. ದೊಡ್ಡ ಮೀನಲ್ಲ. ಒಂದೂವರೆ ಗೇಣು ಇದ್ದಿರಬಹುದು. ಬೆನ್ನು ಹೊಂಗೆಯ ಒಣಗಿದೆಲೆಯ ಬಣ್ಣ, ಪಕ್ಕದಲ್ಲಿ ಕೆಂಪು ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ಒಂದು ತೆಳು ನೀಲಿ ಉಂಗುರ. ಆ ಉಂಗುರಗಳನ್ನು ಕೈ ನಡುಗದ ಯಾರೋ ಎಳೆದಂತಿತ್ತು.

ಅಣ್ಣ ಮಂಡಿಯೂರಿ ಕೂತು ಕೊಕ್ಕೆ ಬಿಡಿಸಲು ಹೋದ. ಬೆರಳು ಹತ್ತಿರ ಹೋಗಿ ಅಲುಗಿತು, ಮೀನು ಒದ್ದಾಡಿತು. ಮತ್ತೆ ಹೋದ. ಕೊಕ್ಕೆ ಅಲುಗಿ ಬಾಯಿಯ ಮೂಲೆಯಲ್ಲಿ ಒಂದು ತೊಟ್ಟು ರಕ್ತ ಕಾಣಿಸಿತು. ಅವನು ಕೈ ಹಿಂದೆಗೆದುಕೊಂಡ.

"ನೀನ್ ತೆಗಿ," ಎಂದ. "ಬೇಗ."

ಅರವತ್ತೊಂಬತ್ತು ವರ್ಷದಲ್ಲಿ ನಾನು ಮೀನು ಮುಟ್ಟಿರಲಿಲ್ಲ. ಒಣ ಕೈಯಲ್ಲಿ ಮುಟ್ಟಬಾರದು ಎಂದು ಗೈಡ್ ಹೇಳಿದ್ದು ನೆನಪಿತ್ತು. ಕೈ ಅದ್ದಿದೆ, ನೀರು ಮೂಳೆಗೆ ತಾಗಿತು. ಎಡಗೈಯಲ್ಲಿ ಮೀನನ್ನು ನೀರಿನೊಳಗೇ ಹಿಡಿದೆ. ನೆನೆಸಿದ ಉದ್ದಿನಬೇಳೆಯ ಹಾಗೆ ಜಾರುತ್ತಿತ್ತು, ಆದರೆ ಒಳಗೆ ಗಟ್ಟಿ. ಬಲಗೈಯ ಎರಡು ಬೆರಳಲ್ಲಿ ಕೊಕ್ಕೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿದೆ. ಬಂತು. ಸ್ವಿಚ್‌ಬೋರ್ಡಿನಲ್ಲಿ ವೈರು ಕಿತ್ತು ಟೆಲಿಫೋನ್ ಲೈನ್ ಬಿಡಿಸುವುದಕ್ಕಿಂತ ಕಷ್ಟದ ಕೆಲಸವೇನಲ್ಲ.

"ಈಗ ನೀನ್ ಹಿಡ್ಕೋ," ಎಂದೆ.

ಅಣ್ಣ ನನ್ನ ಕೈಯ ಕೆಳಗೆ ತನ್ನ ಕೈ ಇಟ್ಟ. ನಾನು ಬಿಟ್ಟೆ. ಹರಿವ ನೀರಿನಲ್ಲಿ ಮೀನು, ಮರಳು, ಅವನ ಬೆರಳು ಎಲ್ಲವೂ ಅಲುಗುತ್ತಿದ್ದವು. ಯಾವುದು ನೀರಿನದು, ಯಾವುದು ಕೈಯದು ಎಂದು ಹೇಳುವಂತಿರಲಿಲ್ಲ. ಮೀನು ಹರಿವಿಗೆ ಎದುರು ಮುಖ ಮಾಡಿ ಅವನ ಅಂಗೈಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಇರಲಿಲ್ಲ.

"ನೋಡ್ದ್ಯಾ?" ಎಂದ ಅಣ್ಣ.

"ನೋಡಿದೆ."

ಹನ್ನೊಂದು ಐವತ್ತೆರಡು. ಅಷ್ಟರಲ್ಲಿ ನೀರಿನ ಬಣ್ಣ ತಿರುಗಲು ಶುರುವಾಗಿತ್ತು.

ಮಧ್ಯಾಹ್ನ ಸ್ನಾನ ಮಾಡಿದೆ. ಊಟದಲ್ಲಿ ಯಾರೂ ಮೀನಿನ ವಿಷಯ ಎತ್ತಲಿಲ್ಲ. ಕಾರ್ಯದರ್ಶಿ ಮತ್ತು ಗೈಡಿನ ಚಿಕ್ಕಪ್ಪ ಯಾವ ಭಾಷೆಯಲ್ಲಿ ಮಾತು ಮುಗಿಸಿದರೆಂಬುದೇ ಚರ್ಚೆ. ನಾಲ್ಕೂವರೆಗೆ ಚುರುಮುರಿ ಆಗಲಿಲ್ಲ, ಪುರಿ ಹೊಳೆಗೆ ಹೋಗಿತ್ತು. ಅದಕ್ಕೆ ನನ್ನ ವೇಳಾಪಟ್ಟಿ ಸರಿಯಿಲ್ಲವೆಂದು ಇಬ್ಬರು ದೂರಿದರು.

ಆರೂವರೆಗೆ ಹಜಾರದಲ್ಲಿ ಎಲ್ಲರೂ ಸೇರಿದರು. ಅಂದು ದೀಪ ಹಚ್ಚುವ ಸರದಿ ನನ್ನದು. ಬತ್ತಿ ಎಣ್ಣೆಗೆ ಅದ್ದುತ್ತಿದ್ದೆ. ಹೊಳೆಯ ಕಾವಲಿನವನು ರಿಜಿಸ್ಟರ್ ಹಿಡಿದು ಬಾಗಿಲಿಗೆ ಬಂದ. ಹಿಡಿದದ್ದು ಎಷ್ಟು, ಬಿಟ್ಟದ್ದು ಎಷ್ಟು ಎಂದು ದೊಡ್ಡ ದನಿಯಲ್ಲಿ ಕೇಳಿದ. ಅಷ್ಟು ಹಿಂದಿ ಎಲ್ಲರಿಗೂ ಅರ್ಥವಾಯಿತು.

ಸೊನ್ನೆ ಎಂದರೆ ಮುಗಿಯುತ್ತಿತ್ತು. ಅಣ್ಣ ಎದ್ದು ನಿಂತು, "ಏಕ್," ಎಂದ. "ಹಿಡಿದದ್ದು ಒಂದು. ಬಿಟ್ಟದ್ದು ಒಂದು."

ಭಜನೆಯಮ್ಮ ತಾಳ ಕೆಳಗಿಟ್ಟರು. "ಪುರಿ ತಿಂದ ಮೀನಾ?"

"ಇಲ್ಲಮ್ಮ. ಸೇತುವೆ ಮೇಲಿನದು. ಪುರಿ ಕೆಳಗಡೆ ಹೋಯ್ತಲ್ಲ."

ಇದರ ಮೇಲೆ ಹನ್ನೆರಡು ನಿಮಿಷ ಚರ್ಚೆ ನಡೆಯಿತು. ಕೆಳಗಿನ ಮೀನು ಪುರಿ ತಿಂದು ಮೇಲಕ್ಕೆ ಈಜಿರಬಹುದಲ್ಲ ಎಂದು ಒಬ್ಬರು ಕೇಳಿದರು. ಅದಕ್ಕೆ ಸಾಕ್ಷಿಯಿಲ್ಲವೆಂದು ಇನ್ನೊಬ್ಬರು ಹೇಳಿದರು. ಕೊನೆಗೆ ಅದು ದೇವರ ಮೀನಲ್ಲ, ಬರೀ ಮೀನು ಎಂದು ತೀರ್ಮಾನವಾಗಿ ಅಣ್ಣನಿಗೆ ಯಾವ ದೋಷವೂ ಇಲ್ಲವೆಂದಾಯಿತು. ಒಬ್ಬಿಬ್ಬರು ಅವನ ಕೈ ಕುಲುಕಿದರು.

"ಕೊಕ್ಕೆ ಯಾರು ಬಿಡಿಸಿದ್ದು? ನಿಮ್ ಕೈ ಹೀಗಿದೆ," ಎಂದು ಭಜನೆಯಮ್ಮ ಕೇಳಿದರು.

"ನಾನು," ಎಂದೆ.

ಅವರು ನನ್ನ ಕೈಯಲ್ಲಿದ್ದ ಬತ್ತಿಯನ್ನು ನೋಡಿದರು. "ಸ್ನಾನ ಆಗಿದೆ, ಅದು ಸರಿ. ಆದ್ರೂ ಊರು ಮುಟ್ಟೋವರೆಗೂ ದೀಪ ಬೇರೆಯೋರು ಹಚ್ಚಲಿ. ತಪ್ಪು ತಿಳ್ಕೋಬೇಡಿ."

ತಿಳಿದುಕೊಳ್ಳಲಿಲ್ಲ. ಸರದಿ ಪಟ್ಟಿಯಲ್ಲಿ ನನ್ನ ಮುಂದಿನ ಹೆಸರು ಕಾರ್ಯದರ್ಶಿಯವರದು. ಬತ್ತಿ ಕೊಡಲು ಹೋದಾಗ ಅವರು ತಗ್ಗಿದ ದನಿಯಲ್ಲಿ ಕೇಳಿದರು:

"ಅಕ್ಕಾವ್ರೇ, ನಾನ್ ಹಚ್ಚಬೋದಾ? ನಮ್ಮನೇಲಿ ಭಾನುವಾರ ಭಾನುವಾರ..."

"ಇವತ್ತು ಮೀನು ಮುಟ್ಟಿದ್ರಾ?"

"ಇಲ್ಲ."

"ಹಾಗಾದ್ರೆ ಹಚ್ಚಿ."

ಅವರು ಭಕ್ತಿಯಿಂದ ಹಚ್ಚಿದರು. ಭಜನೆ ಮುಗಿಯುವ ತನಕ ಅಣ್ಣ ಹಿಂದಿನ ಸಾಲಿನಲ್ಲಿ, ಎಡಗೈಯಿಂದ ಬಲಗೈಯನ್ನು ಹಿಡಿಯದೆ, ಅದನ್ನು ಮಡಿಲಲ್ಲಿ ಅದರ ಪಾಡಿಗೆ ಬಿಟ್ಟುಕೊಂಡು ಕೂತಿದ್ದ.

ಏಳೂಕಾಲಿಗೆ ಉಳಿದ ಐದು ದಿನದ ದೀಪದ ಸರದಿಯನ್ನು, ನನ್ನ ಹೆಸರು ಬಿಟ್ಟು, ಹೊಸ ಹಾಳೆಯಲ್ಲಿ ಬರೆದೆ. ಬೆಳಗ್ಗೆ ಹೊರಡುವ ಮೊದಲು ಎಲ್ಲರೂ ನೋಡಿಕೊಳ್ಳಲೆಂದು ಅದನ್ನು ಗೋಡೆಯ ಮರದ ಹಲಗೆಗೆ ಸಿಕ್ಕಿಸಬೇಕಿತ್ತು. ಅಣ್ಣ ಬಂದು ಹಾಳೆಯ ಮೇಲಿನ ಅಂಚು ಹಿಡಿದುಕೊಂಡ. ಹಾಳೆ ಅಲುಗುತ್ತಿತ್ತು. ಎರಡನೆಯ ಸಲಕ್ಕೆ ಪಿನ್ನು ಕೂತಿತು.